ಹಸಿ ತಟ್ಟೆ, ಬಿಸಿ ಮುದ್ದೆ

ಹೋದ ವರ್ಷ ಶಿವರಾತ್ರಿ ಜಾಗರಣೆ ಮುಗಿದ ಮಾರನೇ ದಿನದಿಂದ ನಾನು ಬೆಂಕಿ ತಾಗಿದ್ದು ಏನೂ ತಿನ್ನಲ್ಲ ಅಂತ ಕೂತೆ. ಒಂದು ಮಂಡಲ, ಅಂದ್ರೆ 48 ದಿನ. ಹಣ್ಣು, ತರಕಾರಿ, ನೆನೆಸಿದ ಕಾಳು, ಕಾಯಿ, ಅಷ್ಟೇ. ಹಾಲು, ಮೊಸರು, ಕಾಫಿ ಯಾವುದೂ ಇಲ್ಲ. ಬೈರಕೂರಿನಂಥ ಊರಲ್ಲಿ, ಎರಡು ಹೊತ್ತು ಮುದ್ದೆ ಬೇಯೋ ಮನೇಲಿ, ಇದು ಸಣ್ಣ ವಿಷಯ ಅಲ್ಲ.

ಯಾಕೆ ಹಿಂಗೆ ಮಾಡ್ದೆ ಅಂತ ಮೊದ್ಲು ಹೇಳ್ಬುಡ್ತೀನಿ. ದೀಪಾವಳಿ ಆಗಿ ಹದಿನೈದು ದಿನಕ್ಕೆ ನಮ್ಮಮ್ಮ ತೀರ್ಕೊಂಡ್ಲು. ಆಮೇಲೆ ನನಗೆ ಊಟ ಸೇರ್ತಿರಲಿಲ್ಲ. ಸೇರಲ್ಲ ಅಂತ ಸುಮ್ನೇನೂ ಇರ್ತಿರಲಿಲ್ಲ, ನಿಂತ್ಕೊಂಡೇ ಮಿಕ್ಕಿದ್ದು ಮಿಗಿಸಿದ್ದು ಬಾಯಿಗೆ ಹಾಕ್ಕೊಂಡು, ದಿನಕ್ಕೆ ಐದು ಲೋಟ ಕಾಫಿ ಕುಡಿದು ಕಾಲ ಹಾಕ್ತಿದ್ದೆ. ಬೆಳಗ್ಗೆ ಎದ್ರೆ ಕೈಬೆರಳು ಊದಿಕೊಂಡಿರೋವು. ಅನ್ನ ಬಸಿಯುವಾಗ ಕಾರಣ ಇಲ್ದೆ ಅಳು ಬರೋದು. ಬೆಂಗಳೂರಲ್ಲಿರೋ ನನ್ನ ತಂಗಿ ಸಂಕ್ರಾಂತಿಗೆ ಬಂದೋಳು ನೋಡಿ, "ಅಕ್ಕಾ, ಹಸೀದು ತಿನ್ನು. ನಲವತ್ತೆಂಟು ದಿನ ತಿಂದ್ರೆ ಮೈಯೂ ಹೊಸದಾಗುತ್ತೆ, ಮನಸ್ಸೂ ಹೊಸದಾಗುತ್ತೆ" ಅಂದ್ಲು. ಅವಳ ಜೊತೆಯವರು ಯಾರೋ ಮಾಡಿದ್ರಂತೆ.

ನಮ್ಮತ್ತೆಗೆ ಹೇಳ್ದಾಗ ಅವರು ಒಂದು ನಿಮಿಷ ಮಾತಾಡ್ಲಿಲ್ಲ. ಆಮೇಲೆ, "ನಾನು ಮಾಡಿದ ಸಾರಲ್ಲಿ ಏನು ತಪ್ಪಾಯ್ತಮ್ಮ?" ಅಂದ್ರು. ಪಕ್ಕದ ಮನೆ ದೊಡ್ಡಮ್ಮ ನನ್ನ ತಟ್ಟೆ ನೋಡಿ ತೆಲುಗಲ್ಲಿ "ಇದೇಮಮ್ಮಾ, ಮೇಕಲ ಮೇತ!" ಅಂತ ನಕ್ಕರು. ಮೇಕೆ ಮೇವು ಅಂತ. ನಾವು ಆಂಧ್ರದ ಗಡಿಯೋರು, ಬೈಗುಳ ಎರಡೂ ಭಾಷೇಲಿ ಸಿಗುತ್ತೆ.

ಈಗ ನ್ಯಾಯವಾಗಿ ಹೇಳ್ಬೇಕು. ಮೊದಲ ನಾಲ್ಕು ದಿನ ತಲೆ ಸಿಡಿದುಹೋಯ್ತು. ಅದು ಕಾಫಿ ಬಿಟ್ಟಿದ್ದಕ್ಕೆ. ಎರಡನೇ ವಾರದಿಂದ ಮೈ ಹಗುರ ಆಯ್ತು. ಬೆರಳು ಊದೋದು ನಿಂತ್ತು, ರಾತ್ರಿ ನಿದ್ದೆ ಬಂತು, ಹೊಟ್ಟೆ ಸಲೀಸಾಯ್ತು. ಬೆಳಗ್ಗೆ ಬೂದುಗುಂಬಳದ ರಸ, ಮಧ್ಯಾಹ್ನ ಮೊಳಕೆ ಹೆಸರುಕಾಳು, ಸೌತೆಕಾಯಿ, ಕ್ಯಾರೆಟ್ಟು, ಕಾಯಿತುರಿ, ನಿಂಬೆರಸ. ಸಂಜೆ ಕಲ್ಲಂಗಡಿನೋ ಸಪೋಟಾನೋ. ರಾತ್ರಿ ನೆನೆಸಿದ ಕಡ್ಲೆಬೀಜ, ಖರ್ಜೂರ, ಬಾಳೆಹಣ್ಣು. ಇಷ್ಟು ತಿಂದೋರಿಗೆ ಎಣ್ಣೆ, ಉಪ್ಪು, ಸಕ್ಕರೆ ತಾನಾಗೇ ಕಮ್ಮಿ ಆಗುತ್ತೆ, ನಾರು ಜಾಸ್ತಿ ಆಗುತ್ತೆ. ಮೈ ಹಗುರಾಗೋಕೆ ಅಷ್ಟು ಸಾಕು, ಅದರಲ್ಲಿ ಪವಾಡ ಏನೂ ಇಲ್ಲ. ಪವಾಡ ಇಲ್ಲ ಅಂದ್ಮಾತ್ರಕ್ಕೆ ಒಳ್ಳೇದು ಆಗಿದ್ದು ಸುಳ್ಳೂ ಅಲ್ಲ.

ಮೂರನೇ ವಾರದಲ್ಲಿ ನನಗೆ ಮೊದಲನೇ ಅನುಮಾನ ಬಂತು. ಅದು ನಮ್ಮ ತೋಟದಿಂದಲೇ ಬಂತು. ನಾವು ಟೊಮೆಟೊ ಇಡೋರು. ಔಷಧಿ ಹೊಡೆಯೋ ಡಬ್ಬದ ಮೇಲೆ, ಹೊಡೆದ ಮೇಲೆ ಇಷ್ಟು ದಿನ ಕೊಯ್ಯಬೇಡಿ ಅಂತ ಬರೆದಿರ್ತಾರೆ. 2023ರ ಜುಲೈನಲ್ಲಿ ಕೋಲಾರದ ಮಾರ್ಕೆಟ್ಟಲ್ಲಿ 15 ಕೆ.ಜಿ. ಬಾಕ್ಸು 2,000 ರೂಪಾಯಿ ದಾಟಿದಾಗ ಆ ದಿನಗಳನ್ನ ಎಷ್ಟು ಜನ ಎಣಿಸಿರ್ತಾರೆ? ನಮ್ಮನೇಲಿ ಎಣಿಸಿದ್ವಿ ಅಂತ ನಾನು ಆಣೆ ಮಾಡಲಾರೆ. ಮನೆಗೆ ಅಂತ ಬೇರೆ ನಾಲ್ಕು ಸಾಲು ಬಿಟ್ಕೊಂಡಿದ್ವಿ. ಬಾಕಿ ಎಲ್ಲಾ ಲಾರಿ ಹತ್ತಿ ಹೋಯ್ತು, ಯಾರೋ ಅದನ್ನ "ಶುದ್ಧ ಆಹಾರ" ಅಂತ ಹಸಿಯಾಗೇ ಹೆಚ್ಚಿಕೊಂಡು ತಿಂದಿರ್ತಾರೆ. ನನ್ನ ತಂಗಿಯೇ ತಿಂದಿರಬಹುದು.

ಬೇಯ್ಸಿದ ತಕ್ಷಣ ಔಷಧಿಯೆಲ್ಲಾ ಹೋಗುತ್ತೆ ಅಂತ ನಾನು ಹೇಳ್ತಿಲ್ಲ. ಆದ್ರೆ ಕ್ರಿಮಿ ಸಾಯುತ್ತೆ. ಹಸಿ ತಿನ್ನೋರಿಗೆ ಆ ಕಾವಲು ಇಲ್ಲ. ನಮ್ಮ ಜಿಲ್ಲೇಲಿ ನೀರು ಸಾವಿರ ಅಡಿ ಕೆಳಗಿಂದ ಬರೋದು, ಅದರಲ್ಲೂ ಫ್ಲೋರೈಡು. 2018ರಿಂದ ಕೆ.ಸಿ. ವ್ಯಾಲಿಯ ನೀರು, ಅಂದ್ರೆ ಬೆಂಗಳೂರಿನ ಕೊಳಚೆ ನೀರನ್ನ ಸಂಸ್ಕರಿಸಿದ್ದು, ಜಿಲ್ಲೆಯ ಕೆರೆಗಳಿಗೆ ಬರ್ತಾ ಐತೆ. ಅದನ್ನ ಬಿಟ್ಟಿರೋದು ಅಂತರ್ಜಲ ಏರಲಿ ಅಂತ, ಸೊಪ್ಪಿಗೆ ನೇರ ಹಾಯಿಸಲಿ ಅಂತಲ್ಲ. ಹಾಗಾಗಿ ಹಸಿ ತಿನ್ನಿ ಅನ್ನೋರು ಮೊದ್ಲು ಕೇಳಬೇಕಾದ ಪ್ರಶ್ನೆ "ಎಷ್ಟು ವಿಟಮಿನ್" ಅಂತಲ್ಲ, "ಯಾವ ಹೊಲದ್ದು, ಯಾವ ನೀರಿನದು" ಅಂತ. ನಾನು ಹಿತ್ತಲಲ್ಲಿ ಮೂರು ಮಡಿ ಮಾಡಿ ಮೂಲಂಗಿ, ಕೊತ್ತಂಬರಿ, ಸೌತೆ ಹಾಕಿದ್ದು ಆಗಲೇ.

ಇನ್ನು ತಪ್ಪಿನ ವಿಷಯ. ಒಂದು ತಿಂಗಳು ಆಗೋ ಹೊತ್ತಿಗೆ ನೀರು ಸೇದಿ ಎದ್ದರೆ ಕಣ್ಣು ಕತ್ತಲೆ ಕಟ್ಟೋದು. ಬಿಸಿಲಲ್ಲೂ ಅಂಗಾಲು ತಣ್ಣಗೆ. ಕೂದಲು ಬಾಚಣಿಗೆ ತುಂಬಾ. ತಂಗಿಗೆ ಫೋನು ಮಾಡಿ ಕೇಳ್ದೆ. "ಅದು ಒಳಗಿನ ಕಸ ಹೊರಗೆ ಹೋಗ್ತಾ ಇರೋದು ಅಕ್ಕಾ, ಒಳ್ಳೇ ಲಕ್ಷಣ" ಅಂದ್ಲು. ನಾನೂ ನಂಬಿದೆ. ನಂಬೋಕೆ ಆಸೆ ಇತ್ತು. ಹತ್ತು ದಿನ ಹಂಗೇ ತಳ್ಳಿದೆ.

ಈ ಮಾತಿಗೆ ನನ್ನ ದೊಡ್ಡ ತಕರಾರು. ಚೆನ್ನಾಗಾದ್ರೆ "ನೋಡು, ಪಥ್ಯ ಕೆಲಸ ಮಾಡ್ತು" ಅನ್ನೋದು, ಕೆಟ್ಟರೆ "ನೋಡು, ಕಸ ಹೋಗ್ತಾ ಐತೆ" ಅನ್ನೋದು. ಹಂಗಾದ್ರೆ ತಪ್ಪಾಗಿದೆ ಅಂತ ತಿಳಿಯೋದು ಯಾವಾಗ? ಯಾವ ಪಥ್ಯಕ್ಕೆ ಸೋಲೋಕೇ ಬರಲ್ಲವೋ ಅದನ್ನ ರವಷ್ಟು ದೂರದಲ್ಲಿ ಇಟ್ಟು ನೋಡ್ಬೇಕು.

ಕೊನೆಗೆ ನಮ್ಮ ಯಜಮಾನ್ರು ಬೈದು ಆಸ್ಪತ್ರೆಗೆ ಕರ್ಕೊಂಡು ಹೋದ್ರು. ರಕ್ತ ಪರೀಕ್ಷೆ ಮಾಡಿದ್ರೆ ಹಿಮೋಗ್ಲೋಬಿನ್ 8.9. ಹೆಂಗಸರಿಗೆ 12 ಆದರೂ ಇರಬೇಕು. ಡಾಕ್ಟರಮ್ಮ ಒಳ್ಳೇರು, ನನ್ನ ಊಟಾನೇ ದೂರಲಿಲ್ಲ. "ಒಂದು ತಿಂಗಳಿಗೆ ಇಷ್ಟು ಇಳಿಯಲ್ಲಮ್ಮ. ಇದು ವರ್ಷಗಳಿಂದ ಇರೋದು. ನೀವು ಈಗ ನೋಡಿಸಿದ್ರಿ, ಅಷ್ಟೇ" ಅಂದ್ರು. ಮುಟ್ಟಿನ ರಕ್ತ ಜಾಸ್ತಿ ಹೋಗೋದು, ಊಟದ ಹಿಂದೆ ಮುಂದೆ ಕಾಫಿ ಟೀ, ಸರಿಯಾಗಿ ತಿನ್ನದೇ ಇರೋದು, ಎಲ್ಲಾ ಸೇರಿ. ಕಾಫಿ ಟೀ ಕಬ್ಬಿಣದ ಅಂಶ ಮೈಗೆ ಹಿಡಿಯೋಕೆ ಬಿಡಲ್ಲ, ನಿಂಬೆರಸ ಹಿಡಿಸುತ್ತೆ ಅಂತ ಅವರೇ ಬಿಡಿಸಿ ಹೇಳಿದ್ರು. ಹಸಿ ತಿಂದಿದ್ದರಿಂದ ರಕ್ತ ಕಮ್ಮಿ ಆಯ್ತು ಅಂತ ನಾನು ಹೇಳಲ್ಲ. ಹಸಿ ತಿಂದು ಸರಿಹೋಗ್ತೀನಿ ಅಂತ ಕೂತು ಕಾಯಿಲೇನ ತಡವಾಗಿ ನೋಡ್ದೆ ಅಂತ ಹೇಳ್ತೀನಿ.

ಈ ದಾರಿ ಹೊಸದೇನೂ ಅಲ್ಲ. ಗಾಂಧೀಜಿ 1927ರಲ್ಲಿ ಕಾಯಿಲೆ ಬಿದ್ದು ನಂದಿಬೆಟ್ಟಕ್ಕೆ ಬಂದು ಸುಧಾರಿಸಿಕೊಂಡಿದ್ರು. ಆಗ ನಂದಿ ನಮ್ಮ ಕೋಲಾರ ಜಿಲ್ಲೆಗೇ ಸೇರಿತ್ತು, ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ. ಅದೇ ಗಾಂಧೀಜಿ 1929ರಲ್ಲಿ ಬೇಯಿಸದ ಊಟದ ಪ್ರಯೋಗ ಮಾಡಿದ್ರು. ಮೊಳಕೆ ಗೋಧಿ, ಅರೆದ ಬಾದಾಮಿ, ಹಸಿ ಸೊಪ್ಪು, ನಿಂಬೆ, ಜೇನು. "ಯಂಗ್ ಇಂಡಿಯಾ"ದಲ್ಲಿ ಅದರ ಬಗ್ಗೆ ಬರೆದ್ರು. ಕೆಲವು ತಿಂಗಳಿಗೆ ಆಮಶಂಕೆ ಆಗಿ ನಿಲ್ಲಿಸಬೇಕಾಯ್ತು, ಮೇಕೆ ಹಾಲಿಗೆ ವಾಪಸು ಬಂದ್ರು. ನಿಲ್ಲಿಸಿದ್ದನ್ನೂ ಮುಚ್ಚಿಡದೆ ಬರೆದ್ರು. ನನಗೆ ಅವರ ಪ್ರಯೋಗಕ್ಕಿಂತ ಆ ಒಪ್ಪಿಗೆ ದೊಡ್ಡದು ಅನಿಸುತ್ತೆ. ಉಜಿರೆಯಲ್ಲಿ 1989ರಿಂದ ಪ್ರಕೃತಿ ಚಿಕಿತ್ಸೆ ಓದಿಸೋ ಕಾಲೇಜೇ ಐತೆ. ಅಂಥಾ ಕಡೆ ಓದಿದ ಡಾಕ್ಟರು ಮೊದ್ಲು ಮೈ ನೋಡಿ, ಆಮೇಲೆ ಪಥ್ಯ ಹೇಳ್ತಾರೆ. ನಾವು ಮನೇಲಿ ಮಾಡೋರು ತಲೆಕೆಳಗು, ಮೊದ್ಲು ಪಥ್ಯ, ಮೈ ನೋಡಿಸೋದು ಬಿದ್ದ ಮೇಲೆ.

ಹಸೀದೇ ಮೇಲು, ಬೇಯ್ಸಿದ್ದು ಸತ್ತ ಊಟ ಅನ್ನೋ ಮಾತೂ ಅರ್ಧ ಸತ್ಯ. ಸಿ ವಿಟಮಿನ್ ಬೆಂಕಿಗೆ ಹೋಗುತ್ತೆ, ನಿಜ. ಆದ್ರೆ ಟೊಮೆಟೊದ ಕೆಂಪು ಬಣ್ಣದಲ್ಲಿರೋ ಸತ್ವ, ಕ್ಯಾರೆಟ್ಟು ಸೊಪ್ಪಿನಲ್ಲಿರೋ ಎ ವಿಟಮಿನ್ನಿನ ಸತ್ವ, ಇವು ಬೇಯ್ಸಿ ಚೂರು ಎಣ್ಣೆ ಸೋಕಿಸಿದ್ರೇ ಮೈಗೆ ಚೆನ್ನಾಗಿ ಹಿಡಿಯೋದು. ಬಿ12 ಅನ್ನೋದು ಸೊಪ್ಪು ಕಾಳು ಹಣ್ಣಲ್ಲಿ ಇಲ್ಲವೇ ಇಲ್ಲ. ಹಾಲು ಮೊಸರನ್ನೂ ಬಿಟ್ಟು ವರ್ಷಗಟ್ಟಲೆ ಇರೋರು ಮಾತ್ರೆ ತಗೊಳ್ಳಲೇಬೇಕು. ರಾಜ್ಮಾ, ಒಣ ಅವರೆಕಾಳು ಹಸಿಯಾಗಿ ತಿನ್ನೋ ಹಂಗಿಲ್ಲ. ಇನ್ನು ನಮ್ಮ ರಾಗಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಸುಣ್ಣದ ಅಂಶ ಐತೆ. ಅದನ್ನ ಹಸಿಯಾಗಿ ಯಾರು ಅಗೀತಾರೆ? ಬೇಯ್ಸೋದು ಅನ್ನೋ ವಿದ್ಯೆ ಇಲ್ದಿದ್ರೆ ಈ ಬಯಲುಸೀಮೇಲಿ ಮನುಷ್ಯ ಉಳೀತಾನೇ ಇರಲಿಲ್ಲ. ನಮ್ಮತ್ತೆಗೆ ಎಪ್ಪತ್ತೆರಡು, ಬಾಯಲ್ಲಿ ನಾಲ್ಕು ಹಲ್ಲು. ಅವರಿಗೆ ಕ್ಯಾರೆಟ್ಟು ಕಡಿ ಅನ್ನೋಕಾಗುತ್ತಾ? ಬಸುರಿಗೆ, ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗೋರಿಗೆ, ಬೆಳೆಯೋ ಮಕ್ಕಳಿಗೆ ಇದನ್ನ ಸುಮ್ಮನೆ ಹೇಳಬಾರದು.

ಹಂಗಾದ್ರೆ ಮನಸ್ಸು ಸರಿಹೋಗಿದ್ದು? ಅದು ಸುಳ್ಳಾ? ಅಲ್ಲ. ನನ್ನ ಅಳು ನಿಂತಿದ್ದು ನಿಜ. ಆದ್ರೆ ಅದಕ್ಕೆ ಕಾರಣ ಸೌತೆಕಾಯಿ ಅಂತ ತಿಳಿದಿದ್ದೆ. ಬಹಳ ದಿನ ಯೋಚನೆ ಮಾಡಿದ ಮೇಲೆ ಬೇರೆ ಗೊತ್ತಾಯ್ತು.

ಆ ನಲವತ್ತು ದಿನ ಮಧ್ಯಾಹ್ನ ಹನ್ನೆರಡೂವರೆಗೆ ನಾನು ಒಬ್ಬಳೇ ಕೂತು ಒಂದು ತಟ್ಟೆ ಊಟ ಮಾಡ್ತಿದ್ದೆ. ನನಗೆ ಅಂತಲೇ ಹೆಚ್ಚಿದ್ದು, ನನಗೆ ಅಂತಲೇ ನೆನೆಸಿದ್ದು. ಯಾರೂ ಕರೀತಿರಲಿಲ್ಲ, "ಅವಳು ಪಥ್ಯದಲ್ಲವಳೆ" ಅಂತ ಬಿಡೋರು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ನಾನು ಮೊದಲು ಕೂತು, ನನ್ನ ಹಸಿವಿಗೆ ಅಂತ ಮಾಡ್ಕೊಂಡು ತಿಂದಿದ್ದು ಅದೇ ಮೊದಲು. ನಮ್ಮಮ್ಮ ಅಂತೂ ಒಂದು ದಿನವೂ ಹಂಗೆ ತಿಂದೋಳಲ್ಲ. ಎಲ್ಲರದೂ ಆದ ಮೇಲೆ ತಪ್ಪಲೆಯ ತಳ ಕೆರೆದು, ಸಾರು ಮಿಕ್ಕಿಲ್ಲ ಅಂದ್ರೆ ಉಪ್ಪು ಮೆಣಸಿನಕಾಯಿ ನಂಚ್ಕೊಂಡು, ಒಲೆ ಕಡೆಗೆ ಮುಖ ಮಾಡಿ ತಿನ್ನೋಳು. ಅವಳಿಗೂ ಕಣ್ಣು ಕತ್ತಲೆ ಬರ್ತಿತ್ತು. "ಬಿಸಿಲಿಗೆ" ಅನ್ನೋಳು. ನಾವೂ ಹೂಂ ಅಂದುಕೊಂಡು ಸುಮ್ಮನಿದ್ವಿ. ಅವಳ ರಕ್ತ ಯಾರೂ ನೋಡಿಸಲಿಲ್ಲ. ನನ್ನ ಚೀಟಿಯಲ್ಲಿ 8.9 ಅಂತ ನೋಡ್ದಾಗ ನನಗೆ ಮೊದ್ಲು ಕಣ್ಣಿಗೆ ಬಂದಿದ್ದು ಅವಳ ಬೆನ್ನು.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟು. ನಮ್ಮ ಮನೆಗಳಲ್ಲಿ ಹೆಂಗಸು "ನನಗೆ ಹಸಿವಾಗ್ತಾ ಐತೆ, ಮೊದ್ಲು ಊಟ ಮಾಡ್ತೀನಿ" ಅನ್ನೋಕಾಗಲ್ಲ. ವ್ರತ ಅಂದ್ರೆ, ಪಥ್ಯ ಅಂದ್ರೆ, ಆಗ ಎಲ್ಲರೂ ಒಪ್ತಾರೆ. ಹಸಿ ಊಟದಿಂದ ಹೊಸ ಜೀವ ಬಂತು ಅನ್ನೋ ಎಷ್ಟೋ ಹೆಂಗಸರಿಗೆ ಜೀವ ಕೊಟ್ಟಿದ್ದು ಆ ತಟ್ಟೆಯಲ್ಲಿದ್ದ ಸೊಪ್ಪೋ, ಆ ತಟ್ಟೆ ತನ್ನದು ಅನ್ನೋದೋ, ಕೇಳಿ ನೋಡ್ಬೇಕು. ನನ್ನ ವಿಷಯದಲ್ಲಿ ಎರಡೂ. ಆದ್ರೆ ಎರಡನೇದು ಜಾಸ್ತಿ.

ನಾನು ಮಂಡಲ ಮುಗಿಸಲಿಲ್ಲ. ಶ್ರೀರಾಮನವಮಿ ದಿನ, ನಲವತ್ತಕ್ಕೆ ನಿಲ್ಲಿಸಿದೆ. ದೇವಸ್ಥಾನದಲ್ಲಿ ಪಾನಕ, ಕೋಸಂಬರಿ ಕೊಟ್ರು. ನೆನೆಸಿದ ಹೆಸರುಬೇಳೆ, ಸೌತೆಕಾಯಿ, ಕಾಯಿತುರಿ ಎಲ್ಲಾ ಹಸೀದೇ. ಮೇಲೆ ಸಾಸಿವೆ ಇಂಗಿನ ಒಗ್ಗರಣೆ. ನಮ್ಮ ಹಿರೀಕರು ಹಸೀದಕ್ಕೂ ಬೆಂಕಿಗೂ ಜಗಳ ಹಚ್ಚಿರಲಿಲ್ಲ. ಮನೆಗೆ ಬಂದು ಅತ್ತೆ ಮಾಡಿದ್ದ ಬಸ್ಸಾರಲ್ಲಿ ಅರ್ಧ ಮುದ್ದೆ ತಿಂದೆ. ಅವರು ಮಾತಾಡ್ಲಿಲ್ಲ, ಇನ್ನೊಂದು ಸೌಟು ಸಾರು ಬಿಟ್ರು.

ಈಗ ನಮ್ಮನೇಲಿ ಹಿಂಗೆ ನಡೀತಾ ಐತೆ. ಮಧ್ಯಾಹ್ನ ಎಲ್ಲರ ತಟ್ಟೆಯಲ್ಲೂ ಒಂದು ಪಾಲು ಹಸೀದು, ಹಿತ್ತಲದ್ದು, ಉಪ್ಪುನೀರಲ್ಲಿ ನೆನೆಸಿ ಎರಡು ಸಲ ತೊಳೆದಿದ್ದು, ನಿಂಬೆ ಹಿಂಡಿದ್ದು. ಅತ್ತೆಗೆ ತುರಿದು ಕೊಡ್ತೀನಿ. ಮಿಕ್ಕಿದ್ದು ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ. ಕಾಫಿ ದಿನಕ್ಕೆ ಎರಡೇ, ಊಟ ಆಗಿ ಒಂದು ಗಂಟೆ ಬಿಟ್ಟು. ಕಬ್ಬಿಣದ ಮಾತ್ರೆ ಆರು ತಿಂಗಳು ತಗೊಂಡೆ, ಈಗ 11.8ಕ್ಕೆ ಬಂದೈತೆ. ಅತ್ತೆ ರಕ್ತಾನೂ ನೋಡಿಸ್ದೆ.

ಮತ್ತೆ, ಊಟಕ್ಕೆ ನಾನೂ ಅತ್ತೇನೂ ಎಲ್ಲರ ಜೊತೇಲೇ ಕೂರ್ತೀವಿ. ಬಡಿಸೋಕೆ ಯಾರೂ ನಿಂತಿರಲ್ಲ. ಸಾರು ಬೇಕಾದೋರು ಎದ್ದು ಹಾಕ್ಕೊಳ್ತಾರೆ. ಮೊದಲೆರಡು ದಿನ ನಮ್ಮ ಯಜಮಾನ್ರಿಗೆ ಸೌಟು ಎಲ್ಲೈತೆ ಅಂತ ಗೊತ್ತಿರಲಿಲ್ಲ. ಈಗ ಗೊತ್ತಾಗೈತೆ.

ನೀವು ಹಸೀದು ತಿಂತೀರೋ ಬಿಡ್ತೀರೋ ನಿಮಗೆ ಬಿಟ್ಟಿದ್ದು. ರಕ್ತ ನೋಡಿಸ್ಕೊಳ್ಳಿ, ತರಕಾರಿ ಎಲ್ಲಿದು ಅಂತ ಕೇಳಿ. ಏನೇ ತಿಂದ್ರೂ ಕೂತ್ಕೊಂಡು ತಿನ್ನಿ.