ಗಾಡಿ ಯಾರ ಹೆಸರಿಲೆ ಅದ?

ಹೋದ ದಸರಾದಾಗ ನಮ್ಮ ಮನ್ಯಾಗ ಒಂದು ಸಣ್ಣ ಜಗಳ ಆಯ್ತು. ಖಂಡೇ ಪೂಜಾಕ್ಕಂತ ಅಂಗಳ ತೊಳಿಲಿಕ್ಕೆ ಹೋದ್ರ, ಮೂಲ್ಯಾಗ ತಾಡಪತ್ರಿ ಹೊಚ್ಚಿಕೊಂಡು ನಿಂತ ಮಾಮಾರ ಚೇತಕ್ ಸ್ಕೂಟರ್ ಅಡ್ಡ ಬಂತು. ಮೈದುನ ಅಂದ, "ವೈನಿ, ನಾಳಿ ಗುಜರಿಯವನಿಗೆ ಬಾ ಅಂತೀನಿ, ಒಯ್ತಾನ. ನಾಕು ವರ್ಷ ಆಯ್ತು, ಒಳಗ ಇಲಿ ಮನಿ ಮಾಡ್ಯಾವ." ನಮ್ಮನಿಯವರೂ ಹೂಂ ಅಂದ್ರು. ಖರೆ ಹೇಳ್ತೀನಿ, ನಾನೂ ಹೂಂ ಅಂದೆ. ಅಂಗಳ ಸಣ್ಣದು, ಅರಬಿ ಒಣಗಹಾಕಲಿಕ್ಕೆ ಜಾಗಾ ಆಗ್ತದಲ್ಲ ಅಂತ ನನ್ನ ಲೆಕ್ಕ.

ಅತ್ತಿ ಏನೂ ಅನ್ನಲಿಲ್ಲ. ರಾತ್ರಿ ಭಾಂಡಿ ತಿಕ್ಕುವಾಗ ಇಷ್ಟೇ ಅಂದ್ರು, "ಅದು ನಮ್ಮಪ್ಪನ ಬಾಳಿ ತ್ವಾಟದ ರೊಕ್ಕದ್ದು, ಯವ್ವಾ."

ಅತ್ತಿಯವರ ತವರು ಕಮಲಾಪುರ. ಅಲ್ಲಿ ಕೆಂಪು ಬಾಳಿ ನಿಮಗೆಲ್ಲಾ ಗೊತ್ತದ. ಈಗ ಅದಕ್ಕ ಜಿಐ ಗುರುತು ಬಂದದ, ಪ್ಯಾಟ್ಯಾಗ ಡಜನ್ ಲೆಕ್ಕದಾಗಲ್ಲ, ಒಂದೊಂದು ಹಣ್ಣಿನ ಲೆಕ್ಕದಾಗ ಮಾರ್ತಾರ. ಸಾದಾ ಬಾಳಿಗಿಂತ ಅದು ಫಲ ಕೊಡಲಿಕ್ಕೆ ಭಾಳ ದಿನ ತಗೋತದ. 1991ರಾಗ ಅತ್ತಿಯವರ ಲಗ್ನ ಗೊತ್ತಾದಾಗ ಹುಡುಗನ ಕಡೆಯವರು ಒಂದೇ ಮಾತು ಹೇಳಿದ್ರಂತ: ಬಂಗಾರ ನಿಮ್ಮ ಇಚ್ಛಾ, ಸ್ಕೂಟರ್ ಮಾತ್ರ ಬೇಕು. ಆಗ ಸ್ಕೂಟರ್ ಅಂದ್ರ ಚೇತಕ್. ಬಜಾಜ್ ಕಂಪನಿ 1972ರಾಗ ರಾಣಾ ಪ್ರತಾಪನ ಕುದುರಿ ಹೆಸರಿಟ್ಟು ತಂದ ಗಾಡಿ ಅದು. ಅಜ್ಜ ಬಾಳಿ ಬೆಳಿ ಎಲ್ಲಾ ಮುಂಗಡ ಮಾರಿ ಗಾಡಿ ತಂದು ಕೊಟ್ಟ.

ವರದಕ್ಷಿಣೆ ಕೇಳೋದು 1961ರ ಕಾಯದೆ ಪ್ರಕಾರ ಗುನ್ಹೆ. ಅದೇ ಕಾಯದ್ಯಾಗ ಇನ್ನೊಂದು ಮಾತು ಅದ, ನಾವು ಯಾರೂ ಓದಂಗಿಲ್ಲ. ಒಂದು ವೇಳೆ ತಗೊಂಡಿದ್ರ, ಅದು ಆ ಹೆಣ್ಣುಮಗಳ ಸ್ವತ್ತು, ಅಕಿಗೇ ತಿರುಗಿ ಕೊಡಬೇಕು ಅಂತ. ಆದ್ರ ನಮ್ಮ ಮನಿ ಗಾಡಿ ಮಾಮಾರ ಹೆಸರಿಲೆ ರಿಜಿಸ್ಟರ್ ಆಯ್ತು, ಕೆಎ 32. ಅತ್ತಿ ಮೂವತ್ತು ವರ್ಷ ಅದರ ಹಿಂದ ಒಂದು ಮಗ್ಗಲಾಗಿ ಕೂತರು. ಮುಂದ ಒಬ್ಬ ಮಗ ನಿಂತ್ರ ತೊಡಿ ಮ್ಯಾಲೆ ಇನ್ನೊಬ್ಬ, ಕೈಯಾಗ ತೊಗರಿಬ್ಯಾಳಿ ಚೀಲ. ಒಂದು ದಿನನೂ ಕಿಕ್ ಹೊಡಿಲಿಲ್ಲ. 2021ರಾಗ ಮಾಮಾ ಹೋದ್ರು, ಗಾಡಿ ನಿಂತು ಬಿಡ್ತು.

ಮರುದಿನ ಗುಜರಿಯವನಿಗೆ ನಾನೇ ಬ್ಯಾಡ ಅಂದೆ. ಮೈದುನ ಮಾರಿ ಸಿಂಡರಿಸಿದ. "ಬ್ಯಾಟರಿ ಚೇತಕ್ಕೇ ಬಂದದ ವೈನಿ, ಇದಕ್ಕ ರೊಕ್ಕ ಯಾಕ ಸುರೀತೀರಿ?" ಅವನ ಮಾತೂ ಸುಳ್ಳಲ್ಲ. 2020ರಿಂದ ಅದೇ ಹೆಸರಿನ ಬ್ಯಾಟರಿ ಗಾಡಿ ಓಡ್ಲಿಕತ್ತದ, ಹೊಗಿ ಇಲ್ಲ, ಸಪ್ಪಳ ಇಲ್ಲ. ದಿನಾ ಆಫೀಸಿಗೆ ಹೋಗೋರು ಅದನ್ನೇ ತಗೋಬೇಕು, ನಾನೂ ಹೇಳ್ತೀನಿ. ಆದ್ರ ಈ ಪ್ರಶ್ನಿ ಗಾಡಿ ಓಡ್ತದೋ ಇಲ್ಲೋ ಅನ್ನೋದಲ್ಲ. ಇದನ್ನ ಮಾರೋ ಹಕ್ಕು ಯಾರಿಗದ ಅನ್ನೋದು.

ಹುಮನಾಬಾದ್ ರೋಡಿನ ಕಡಿ ಒಬ್ಬ ವಯಸ್ಸಾದ ಉಸ್ತಾದ್ ಇದ್ದಾರ, ಹಳೇ ಟೂ ಸ್ಟ್ರೋಕ್ ಗಾಡಿ ಅಷ್ಟೇ ಮುಟ್ಟೋರು. ಗಾಡಿ ಅಲ್ಲಿಗೆ ತಳ್ಳಿಸಿಕೊಂಡು ಹೋದೆ. ಇಟ್ಟು ಹೋಗ್ರಿ ಅಂತಾರ ಅನ್ಕೊಂಡಿದ್ದೆ, ಅವರು ಒಂದು ಡಬ್ಬಿ ಮುಂದ ಸರಿಸಿ, "ಕೂಡ್ರಿ ಬೇಟಿ, ನೋಡಿ ಕಲೀರಿ" ಅಂದ್ರು. ಮೂರು ಐತವಾರ ಕೂತೆ. ಅಕ್ಕಗೊಳೇ, ನಮಗ ಯಾರೂ ಹೇಳಿಕೊಡಲಾರದ್ದು, ಆದ್ರ ಮಿಕ್ಸರ್ ವಾಷರ್ ಬದಲಸೋರಿಗೆ ಸಹಜ ತಿಳಿಯೋ ವಿದ್ಯೆ ಅದು.

ಮೊದಲು ಅವರು ಕಿಕ್ ಹೊಡಿಲಿಲ್ಲ. ಪ್ಲಗ್ ಬಿಚ್ಚಿ, ಆ ತೂತಿನಾಗ ನಾಕು ಹನಿ ಎಣ್ಣಿ ಬಿಟ್ಟು, ಕೈಲೆ ಸಾವಕಾಶ ಕಿಕ್ ಒತ್ತಿದ್ರು. ವರ್ಷಗಟ್ಟಲೆ ನಿಂತ ಗಾಡ್ಯಾಗ ಪಿಸ್ಟನ್ ಉಂಗುರ ಹಿಡಿದಿರ್ತಾವ, ಜೋರು ಮಾಡಿದ್ರ ಗೀರು ಬೀಳ್ತದ. ಟಾಕಿ ಪೆಟ್ರೋಲ್ ಚೆಲ್ಲಿದ್ರು, ವಾರ್ನಿಶ್ ನಾತ ಹೊಡೀತಿತ್ತು. ಕಾರ್ಬೊರೇಟರ್ ಬಿಚ್ಚಿದ್ರ ಒಳಗ ಬೆಲ್ಲದ ಪಾಕದಂಗ ಅಂಟು. ಪೆಟ್ರೋಲಿಗೆ ದಾರಿ ಬಿಡೋ ತೂತು, ಜೆಟ್ ಅಂತಾರ, ಕೂದಲಿನಷ್ಟು ಸಣ್ಣದು. ಅದಕ್ಕ ಸೂಜಿ, ಕಬ್ಬಿಣ ತಂತಿ ಹಾಕಬಾರದು, ತೂತು ದೊಡ್ಡದಾಗ್ತದ. ಪೆಟ್ರೋಲಿನಾಗ ನೆನಸಿ ಗಾಳಿ ಹೊಡಿಬೇಕು ಅಷ್ಟೇ. ಆಮ್ಯಾಲೆ ಹೆಡ್ ತಗದು ಪಿಸ್ಟನ್ ಮ್ಯಾಲಿನ ಕಪ್ಪು ಕೆರೆದ್ರು, ಸೈಲೆನ್ಸರ್ ಸುಟ್ಟು ಬಡಿದ್ರು. ನಮ್ಮ ಒಲಿ ಹೊಗಿಕೊಳವಿ ತೆಗಿಸಿದಂಗ.

ಹೊಗಿ ಯಾಕ ಬರ್ತದ ಅಂತನೂ ಅಲ್ಲೇ ತಿಳೀತು. ಇದರ ಎಂಜಿನ್ನಿಗೆ ಬೇರೆ ಎಣ್ಣಿ ಇಲ್ಲ. ಪೆಟ್ರೋಲಿನಾಗೇ ಟೂ ಟಿ ಆಯಿಲ್ ಕಲಸಬೇಕು, ಅದೇ ಒಳಗಿನ ಭಾಗಕ್ಕೆಲ್ಲಾ ಎಣ್ಣಿ ಹಚ್ಚಿ ತಾನೂ ಸುಡ್ತದ. ಲೀಟರಿಗೆ 20 ಎಂಎಲ್, 5 ಲೀಟರಿಗೆ 100. ಮಾಮಾರು ಅಂದಾಜಿಲೆ ಹಾಕ್ತಿದ್ರು, ಅದಕ್ಕೇ ಓಣಿ ತುಂಬ ಹೊಗಿ. ಹೆಚ್ಚಾದ್ರ ಹೊಗಿ, ಕಮ್ಮಿಯಾದ್ರ ಪಿಸ್ಟನ್ ಜಾಮ್. ನಾನು ಮಗಳ ಕೆಮ್ಮಿನ ಔಷಧದ ಅಳತಿ ಕಪ್ಪು ಡಿಕ್ಕ್ಯಾಗ ಇಟ್ಟೀನಿ.

ಟ್ಯೂನಿಂಗ್ ಅಂದ್ರ ಏನೋ ದೊಡ್ಡ ವಿದ್ಯೆ ಅನ್ಕೊಂಡಿದ್ದೆ. ಎರಡು ಸ್ಕ್ರೂ. ಒಂದು ಎಂಜಿನ್ ಎಷ್ಟು ಜೋರು ಓಡಬೇಕು ಅಂತ ಹೇಳ್ತದ, ಇನ್ನೊಂದು ಗಾಳಿ ಎಷ್ಟು, ಪೆಟ್ರೋಲ್ ಎಷ್ಟು ಅಂತ. ಎಂಜಿನ್ ಪೂರಾ ಬಿಸಿಯಾದ ಮ್ಯಾಲೇ ಕೈ ಹಚ್ಚಬೇಕು. ಎರಡನೇದನ್ನ ಕಾಲು ಕಾಲು ಸುತ್ತು ತಿರುವುತ್ತಾ, ಸಪ್ಪಳ ಎಲ್ಲಿ ಸಮ ಆಗ್ತದೋ ಅಲ್ಲಿ ಬಿಟ್ಟು, ಮೊದಲನೇದು ಇಳಿಸಬೇಕು. ಸರಿ ಆಯ್ತೋ ಇಲ್ಲೋ ಪ್ಲಗ್ ನೋಡಿದ್ರ ತಿಳೀತದ. ತುದಿ ಹುರಿದ ಜೀರಗಿ ಬಣ್ಣ ಇದ್ರ ಛೊಲೊ. ಕಪ್ಪಾಗಿ ಹಸಿ ಇದ್ರ ಪೆಟ್ರೋಲೋ ಎಣ್ಣಿನೋ ಹೆಚ್ಚು. ಬಿಳಿ ಇದ್ರ ಪೆಟ್ರೋಲ್ ಕಮ್ಮಿ, ಎಂಜಿನ್ ಕಾದು ಹೋಗ್ತದ. ನಮ್ಮ ಕಲಬುರಗಿ ಬ್ಯಾಸಿಗ್ಯಾಗ ಆ ಬಿಳಿ ಬಣ್ಣ ಭಾಳ ಧೋಕಾ. ಇನ್ನೊಂದು, ಈಗಿನ ಪೆಟ್ರೋಲಿನಾಗ ಎಥೆನಾಲ್ ಅದ, ನೂರಕ್ಕ 20ರ ತನ. ಅದು ನೀರು ಎಳಕೋತದ, ಹಳೇ ರಬ್ಬರ್ ಪೈಪು ಮೆತ್ತಗ ಮಾಡ್ತದ. ಪೈಪು ಹೊಸದು ಹಾಕಿಸಿದೆವು. ಗಾಡಿ ಭಾಳ ದಿನ ನಿಲ್ಲಸೋದಿದ್ರ ಪೆಟ್ರೋಲ್ ಕಾಕ್ ಬಂದ್ ಮಾಡಿ, ತಾನಾಗೇ ಬಂದ್ ಆಗೋ ತನ ಓಡಿಸಿ ಇಡಬೇಕು.

ಗುಜರಿಯವ ಕೊಡ್ತೀನಿ ಅಂದಿದ್ದ ರೊಕ್ಕಕ್ಕಿಂತ ಮೂರು ಪಟ್ಟು ಖರ್ಚು ಬಂತು. ಮುಚ್ಚಿಡಂಗಿಲ್ಲ. ಟೈರು, ಬ್ರೇಕ್ ಶೂ, ಕೇಬಲ್ಲು, ಆಯಿಲ್ ಸೀಲು, ಎಲ್ಲಾ ಹೊಸವು. ಇದು ಲಾಭದ ವ್ಯವಹಾರ ಅಲ್ಲ.

ಖರೆ ತ್ರಾಸ ಎಂಜಿನ್ನಿಂದಲ್ಲ, ಕಾಗದದಿಂದ ಆಯ್ತು. ಗಾಡಿ ಮಾಲೀಕರು ತೀರಿಕೊಂಡ್ರ 30 ದಿನದಾಗ ಆರ್‌ಟಿಓಗೆ ತಿಳಿಸಬೇಕು. ಮೂರು ತಿಂಗಳೊಳಗ ಫಾರ್ಮ್ 31 ತುಂಬಿ ವಾರಸುದಾರರ ಹೆಸರಿಗೆ ಮಾಡಿಸಬೇಕು. ನಾವು ಮಾಡಿರಲಿಲ್ಲ. ಆ ದುಃಖದಾಗ ಯಾರಿಗೆ ನೆನಪು? ಬ್ಯಾಂಕು, ಮನಿ ಖಾತೆ ಎಲ್ಲಾ ಓಡಾಡಿ ಮಾಡಿದೆವು, ಸ್ಕೂಟರ್ ಬಿಟ್ಟೆವು. ಖಾಸಗಿ ಗಾಡಿ ರಿಜಿಸ್ಟ್ರೇಶನ್ 15 ವರ್ಷದ್ದು, ಆಮ್ಯಾಲೆ ಐದೈದು ವರ್ಷಕ್ಕ ರಿನಿವಲ್. ಅದೂ ಮುಗಿದಿತ್ತು. ತಡಾ ಮಾಡಿದ್ದಕ್ಕ ದಂಡ ಕಟ್ಟಿದೆವು, ಇನ್ಶೂರೆನ್ಸ್ ಮಾಡಿಸಿದೆವು, ಎಮಿಷನ್ ಟೆಸ್ಟ್ ಮಾಡಿಸಿದೆವು, ಗಾಡಿ ಒಯ್ದು ಇನ್ಸ್‌ಪೆಕ್ಟರಿಗೆ ತೋರಿಸಿದೆವು.

ವಾರಸುದಾರರು ಯಾರು ಅಂತ ಬರಿಬೇಕಾದಲ್ಲಿ ಮನಿ ಸುಮ್ಮನಾಯ್ತು. ನಮ್ಮನಿಯವರು ಸಹಜ ತಮ್ಮ ಹೆಸರು ಬರಿಲಿಕ್ಕೆ ಪೆನ್ನು ತಗೊಂಡ್ರು. 1956ರ ಹಿಂದೂ ವಾರಸಾ ಕಾಯದೆ ಪ್ರಕಾರ ಹೆಂಡತಿ, ಮಗ, ಮಗಳು ಎಲ್ಲಾರಿಗೂ ಸರಿಪಾಲು. ಯಾರಾದ್ರೂ ಒಬ್ಬರ ಹೆಸರಿಗೆ ಮಾಡಬೇಕಂದ್ರ ಉಳಿದವರು ತಕರಾರಿಲ್ಲ ಅಂತ ಬರಕೊಡಬೇಕು. ನಾನಂದೆ, "ತಕರಾರಿಲ್ಲ ಅಂತ ನೀವಿಬ್ಬರೂ ಬರೀರಿ. ಹೆಸರು ಅತ್ತಿದು." ಮೈದುನ ನಕ್ಕ, "ಅವ್ವ ಗಾಡಿ ಹೊಡಿತಾಳೇನು?" ಹೊಡಿಲಿಲ್ಲಂದ್ರ ಏನಾಯ್ತು? ಹೊಲ ಹೆಸರಿಲೆ ಇದ್ದೋರೆಲ್ಲಾ ನೇಗಿಲು ಹಿಡಿತಾರೇನು? ಅವನೇ ಮೊದಲು ಸಹಿ ಮಾಡಿದ ಅನ್ನೋದನ್ನೂ ಇಲ್ಲಿ ಬರಿಬೇಕು. ಇಲ್ಲಂದ್ರ ನನ್ನ ಮ್ಯಾಲೆ ಸಿಟ್ಟಾಗ್ತಾನ.

ಬಾಜು ಮನಿ ತಂಗಿ ಒಂದು ಮಾತು ಅಂದಾಳ, ಅದನ್ನೂ ಹೇಳಬೇಕು. ಅಕಿಗೆ ಎಳಿ ಕೂಸು. ಮೊದಲ ದಿನ ಮನಿ ಮುಂದೇ ಗಾಡಿ ಚಾಲೂ ಮಾಡಿ ಹತ್ತು ನಿಮಿಷ ಬಿಟ್ಟಿದ್ದೆ. ಅಕಿ ಕಿಡಕಿ ಮುಚ್ಚಿದಳು. ಅಕಿದೇ ಸರಿ. ಟೂ ಸ್ಟ್ರೋಕ್ ಎಂಜಿನ್ನಿನಾಗ ಹೊಸ ಪೆಟ್ರೋಲ್ ಒಳಗ ಬರೋ ಬಾಗಲಾ, ಹೊಗಿ ಹೊರಗ ಹೋಗೋ ಬಾಗಲಾ ಸ್ವಲ್ಪ ಹೊತ್ತು ಕೂಡೇ ತೆರೆದಿರ್ತಾವ, ಸುಡಲಾರದ ಪೆಟ್ರೋಲೂ ಹೊರಗ ಹೋಗ್ತದ. ಎಷ್ಟೇ ಟ್ಯೂನ್ ಮಾಡ್ರಿ, ಅದರ ಜಾತೀನೇ ಹಂಗ. ಅದಕ್ಕೇ ನಾವು ಮಾಡಿಕೊಂಡ ನೇಮ: ಓಣಿ ದಾಟೋ ತನ ತಳ್ಳಿಕೊಂಡು ಹೋಗೋದು, ತಿಂಗಳಿಗೆ ಒಂದೆರಡು ಸಲ ಮಾತ್ರ ತಗಿಯೋದು. ನಮ್ಮ ನೆನಪಿಗೆ ಮಂದಿ ಕೂಸು ಕೆಮ್ಮಬಾರದು.

ನನ್ನ ಲೈಸೆನ್ಸ್ ಗೇರಿಲ್ಲದ ಗಾಡೀದು, ಚೇತಕ್ಕಿಗೆ ಎಡಗೈಯಾಗ ನಾಕು ಗೇರು. ಮತ್ತ ಎಲ್‌ಎಲ್ ತಗೊಂಡು, ಟೆಸ್ಟ್ ಕೊಟ್ಟು, ಹೋದ ತಿಂಗಳು ಪಾಸಾದೆ. ಮೊದಲ ಐತವಾರನೇ ಅತ್ತಿನ್ನ ಕೂಡಿಸಿಕೊಂಡು ಕಮಲಾಪುರಕ್ಕ ಹೊಂಟೆ. ಹೊರಡೋ ಮೊದಲು ಅತ್ತಿ, "ನಿಂದ್ರು" ಅಂದು, ಮಾಮಾರು ಮಾಡ್ತಿದ್ದಂಗ ಗಾಡಿ ಒಂದು ಮಗ್ಗಲಕ್ಕ ವಾಲಸಿ, ಸೀರಿ ನಿರಗಿ ಎತ್ತಿ ಸಿಗಿಸಿ ತಾವೇ ಕಿಕ್ ಹೊಡದ್ರು. ಮೂರನೇದಕ್ಕ ಚಾಲೂ ಆಯ್ತು. ಮಹಾಗಾಂವ ಕ್ರಾಸಿನಾಗ ಚಾ ಕುಡಿಯುವಾಗ ಎಂಜಿನ್ ಆರಲಿ ಅಂತ ಕಾಲು ತಾಸು ಕೂತೆವು. ಅಲ್ಲಿ ಅತ್ತಿ ಚೀಲದಿಂದ ಆರ್‌ಸಿ ಕಾರ್ಡ್ ತಗದು ನೋಡಿ ಮತ್ತ ಒಳಗಿಟ್ರು. ಏನೂ ಅನ್ನಲಿಲ್ಲ. ಬರುವಾಗ ಡಿಕ್ಕಿ ತುಂಬ ಕೆಂಪು ಬಾಳಿಹಣ್ಣು.

ಅಕ್ಕಗೊಳೇ, ಎಲ್ಲಾರೂ ಹಳೇ ಗಾಡಿ ರಿಪೇರಿ ಮಾಡಿಸ್ರಿ ಅಂತ ನಾ ಹೇಳಂಗಿಲ್ಲ. ತುಕ್ಕು ತಿಂದು ಕೆಳಗಿನ ತಗಡೇ ಹೋಗಿದ್ರ ಬಿಟ್ಟು ಬಿಡ್ರಿ. ಮಾರೋದಿದ್ರೂ ಮಾರ್ರಿ. ಆದ್ರ ಮನ್ಯಾಗಿನ ಹಿರೇ ಹೆಣ್ಣುಮಗಳನ್ನ ಮೊದಲು ಕೇಳ್ರಿ. ಮತ್ತ ಇವತ್ತು ಸಂಜಿಕ ದೀಪ ಹಚ್ಚಿದ ಮ್ಯಾಲೆ ಕಪಾಟ ತಗದು ನೋಡ್ರಿ, ನಿಮ್ಮ ಮನಿ ಗಾಡಿ ಯಾರ ಹೆಸರಿಲೆ ಅದ ಅಂತ. ಆ ಹೆಸರಿನವರು ಈಗ ಇಲ್ಲಂದ್ರ, ನಮ್ಮಂಗ ನಾಕು ವರ್ಷ ಕಾಯಬ್ಯಾಡ್ರಿ.