ಬಾಗಿದ ನೆಲಕ್ಕೆ ಹಲಗೆಯಲ್ಲ, ತೊಲೆ

ಬಿನ್ನಿ ಗಿರಣಿಯಿಂದ ಹೆಸರು ಪಡೆದ ಬಿನ್ನಿಪೇಟೆಯ ಬೀದಿಗಳಲ್ಲಿ, ನೆಲದ ಹಲಗೆ ನಡುವೆ ಕುಸಿದ ಸರಕುಗಾಡಿಯನ್ನು ಕಾಣುವುದು ಅಪರೂಪವಲ್ಲ. ಅದರ ಮೇಲೆ ಇನ್ನೊಂದು ಹಲಗೆಯನ್ನು ಹಾಸಿ ಸಮಾಧಾನಪಡುವ ಮಾಲೀಕರುಂಟು. ಇದು ಹಣದ ಅಪವ್ಯಯವೆಂದೇ ನಮ್ಮ ಅಭಿಪ್ರಾಯ.

ಅಷ್ಟೇ ದಪ್ಪದ ಹಲಗೆಯನ್ನು ಬೆಸೆಯದೆ ಮೇಲಿರಿಸಿದರೆ ಬಾಗು ಅರ್ಧಕ್ಕೆ ಮಾತ್ರ ಇಳಿಯುವುದು. ಎರಡನ್ನೂ ಒಂದಾಗಿ ಬೆಸೆದರೆ 8ರಲ್ಲೊಂದು ಪಾಲಾದೀತು. ಆದರೆ ಸಮನಾಗಿ ಹರಡಿದ ಭಾರದಡಿಯಲ್ಲಿ ಬಾಗು ಆಧಾರಗಳ ಅಂತರದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. ಆದುದರಿಂದ ಅಂತರವನ್ನು ಅರ್ಧಮಾಡುವ ಒಂದೇ ಉಕ್ಕಿನ ಅಡ್ಡತೊಲೆ ಅದನ್ನು 16ರಲ್ಲೊಂದು ಪಾಲಿಗೆ, ಕೆಲವೊಮ್ಮೆ ಇನ್ನೂ ಕೆಳಕ್ಕೆ, ಇಳಿಸಬಲ್ಲುದು.

ಈ ತೊಲೆಯ ಎರಡು ತುದಿಗಳೂ ಚಾಸಿಯ ಉದ್ದತೊಲೆಗಳಿಗೆ ಭದ್ರವಾಗಿ ಸೇರಿರಬೇಕು. ಹಲಗೆಗೇ ಅಂಟಿಸಿದ ತೊಲೆ ಹಲಗೆಯೊಡನೆಯೇ ಬಾಗುವುದು. ಕೊಳೆತ ಮರವನ್ನು ಮೊದಲೇ ತೆಗೆದುಹಾಕಿ, ಸರಕನ್ನಿಳಿಸಿ, ಕುಸಿದ ಭಾಗವನ್ನು ಜಾಕಿಯಿಂದ ಮೆಲ್ಲನೆ ಮೇಲೆತ್ತಿದ ಬಳಿಕವೇ ಬೋಲ್ಟುಗಳನ್ನು ಬಿಗಿಯತಕ್ಕದ್ದು.