ಈ ತಿಂಗಳ ಬರಹ, ಈ ತಿಂಗಳ ಓದು: ರೆಮ್ಮವ್ವೆಯ ಕದಿರು



ಕಾಯಕವನ್ನು ಕೈಕೊಂಡವರು ಅದರ ಲೆಕ್ಕವನ್ನು ಹತ್ತು ಜನರ ಮುಂದೆ ಒಪ್ಪಿಸುವುದು ನಮ್ಮ ಪರಂಪರೆಗೆ ಒಪ್ಪುವ ನಡೆ. ಆದುದರಿಂದ ಎಂದಿನಂತೆ ನಮ್ಮ ಕಾದಂಬರಿಯ ಈ ತಿಂಗಳ ಲೆಕ್ಕವನ್ನು ಮೊದಲು ಅರಿಕೆ ಮಾಡಿಕೊಂಡು, ಅನಂತರ ಓದಿನ ವಿಚಾರಕ್ಕೆ ಬರುತ್ತೇವೆ. ಹನ್ನೊಂದು ಮತ್ತು ಹನ್ನೆರಡನೆಯ ಅಧ್ಯಾಯಗಳು ಮುಗಿದಿವೆ. ಕೈಬರಹದಲ್ಲಿ 38 ಪುಟಗಳಾಗಿವೆ. ಹದಿಮೂರನೆಯ ಅಧ್ಯಾಯ ಮಾತ್ರ ಎರಡು ವಾರಗಳ ಕಾಲ ಒಂದು ಸಾಲೂ ಮುಂದೆ ಸಾಗದೆ ನಿಂತಿತ್ತು. ಅದನ್ನು ತಡೆದು ನಿಲ್ಲಿಸಿದ್ದು ಅರಸನ ಆಜ್ಞೆಯಲ್ಲ, ಯುದ್ಧದ ವರ್ಣನೆಯೂ ಅಲ್ಲ, ಒಂದು ರಾಟೆ.

ನಮ್ಮ ಕಾದಂಬರಿಯ ನಡುವಿನ ಪಾತ್ರ ಶರಣೆ ಕದಿರ ರೆಮ್ಮವ್ವೆ ಎಂಬುದನ್ನು ಈ ಅಂಕಣದ ವಾಚಕರು ಬಲ್ಲರು. ನೂಲು ತೆಗೆಯುವುದು ಆ ತಾಯಿಯ ಕಾಯಕ. ಆ ಕಾಯಕವೇ ಆಕೆಯ ಹೆಸರಿಗೂ ಸೇರಿಕೊಂಡಿತು. ಗುಮ್ಮೇಶ್ವರನ ಅಂಕಿತದಲ್ಲಿ ಆಕೆಯ ನಾಲ್ಕು ವಚನಗಳು ಮಾತ್ರ ನಮಗೆ ಉಳಿದು ಬಂದಿವೆ. ಹುಟ್ಟಿದ ಊರು, ತಂದೆತಾಯಿ, ಲಿಂಗೈಕ್ಯವಾದ ಸ್ಥಳ ಇವುಗಳ ಕುರಿತು ನಿಶ್ಚಯವಾಗಿ ಹೇಳುವ ದಾಖಲೆಯಿಲ್ಲ. ಬಸವಣ್ಣನವರ, ಅಕ್ಕಮಹಾದೇವಿಯವರ ಚರಿತ್ರೆಯನ್ನು ಹಾಡಿದ ಕವಿಗಳು ಅನೇಕರು; ಮನೆಯ ಮೂಲೆಯಲ್ಲಿ ಕುಳಿತು ಹಂಜಿಯಿಂದ ನೂಲೆಳೆದ ಹೆಣ್ಣುಮಗಳ ಬದುಕನ್ನು ವಿಸ್ತಾರವಾಗಿ ಬರೆದಿಟ್ಟವರಿಲ್ಲ. ಈ ಬರಿದಾದ ಜಾಗವೇ ನಮ್ಮನ್ನು ಕಾದಂಬರಿಗೆ ಎಳೆದು ತಂದಿತು.

ರೆಮ್ಮವ್ವೆ ತನ್ನ ಪ್ರಸಿದ್ಧ ವಚನವೊಂದರಲ್ಲಿ, ಕುಲ ಕೇಳುವ ಲೋಕಕ್ಕೆ ತಾನು ತಿರುಗಿಸುವ ರಾಟೆಯ ಕುಲವನ್ನು ಹೇಳುತ್ತಾಳೆ. ಆ ಮರದ ಸಾಧನದ ಒಂದೊಂದು ಅಂಗದಲ್ಲಿ ತ್ರಿಮೂರ್ತಿಗಳನ್ನು ಕಾಣುತ್ತಾಳೆ. ಕದಿರನ್ನು ಅರಿವಿಗೂ, ತಿರುಗಿಸುವ ಕೈಯನ್ನು ಭಕ್ತಿಗೂ ಹೋಲಿಸುತ್ತಾಳೆ. ಶಾಸ್ತ್ರವನ್ನು ಓದಿ ಪಡೆದ ಉಪಮೆಗಳಲ್ಲ ಇವು. ದಿನವೆಲ್ಲ ರಾಟೆಯ ಮುಂದೆ ಕುಳಿತವರಿಗೆ ಮಾತ್ರ ದೊರೆಯತಕ್ಕ ದರ್ಶನವಿದು.

ಇಲ್ಲಿಯೇ ನಮಗೆ ತೊಡಕು ಎದುರಾಯಿತು. ಚಕ್ರವುಳ್ಳ ರಾಟೆ ನಮ್ಮ ದೇಶದಲ್ಲಿ ಯಾವಾಗ ಬಳಕೆಗೆ ಬಂದಿತೆಂಬ ವಿಷಯದಲ್ಲಿ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಭಾರತದಲ್ಲಿ ರಾಟೆಯನ್ನು ಸ್ಪಷ್ಟವಾಗಿ ಹೆಸರಿಸುವ ಹಳೆಯ ಆಧಾರವೆಂದು ಇರ್ಫಾನ್ ಹಬೀಬರು ಎತ್ತಿ ತೋರಿಸಿದ್ದು 1350ರ ಸುಮಾರಿನ ಒಂದು ಪಾರಸಿ ಕಾವ್ಯವನ್ನು. ಬಹಮನಿ ಅರಸನ ಆಶ್ರಯದಲ್ಲಿ ಇಸಾಮಿ ಎಂಬ ಕವಿ ಅದನ್ನು ರಚಿಸಿದನು. ಆ ಮತದಂತೆ ನಡೆದರೆ ಹನ್ನೆರಡನೆಯ ಶತಮಾನದ ಹೆಣ್ಣುಮಗಳ ಕೈಯಲ್ಲಿ ತಕಲಿಯಂತಹ ಕೈಗದಿರು ಇರಬೇಕೇ ಹೊರತು ರಾಟೆ ಇರಲಾಗದು. ಇನ್ನು ಕೆಲವು ವಿದ್ವಾಂಸರು ರೆಮ್ಮವ್ವೆಯ ವಚನವನ್ನೇ ಮುಂದಿಟ್ಟು, ದಕ್ಷಿಣದಲ್ಲಿ ರಾಟೆ ಅದಕ್ಕೂ ಮೊದಲೇ ಇತ್ತೆಂದು ವಾದಿಸುತ್ತಾರೆ. ಹೀಗೆ ನಮ್ಮ ಒಬ್ಬ ಶರಣೆಯ ಮಾತು ಭಾರತದ ತಂತ್ರಜ್ಞಾನದ ಇತಿಹಾಸದಲ್ಲಿ ಸಾಕ್ಷಿಯಾಗಿ ನಿಂತಿರುವುದು ಅಭಿಮಾನದ ಸಂಗತಿ.

ಆದರೆ ಅಭಿಮಾನ ಒಂದೇ ಸಾಲದು. ವಚನಗಳು ಹನ್ನೆರಡನೆಯ ಶತಮಾನದಲ್ಲಿ ಹುಟ್ಟಿದವಾದರೂ, ಅವುಗಳನ್ನು ದೊಡ್ಡ ಪ್ರಮಾಣದಲ್ಲಿ ಸಂಕಲಿಸಿ ಓಲೆಗೇರಿಸಿದ ಕಾರ್ಯ ನಡೆದುದು ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಿಂದೀಚೆಗೆ. ಮೂರು ಶತಮಾನಗಳಷ್ಟು ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ಸಾಗಿಬಂದ ಮಾತಿನಲ್ಲಿ ಒಂದೆರಡು ಪದಗಳು ಕಾಲಕ್ಕೆ ತಕ್ಕಂತೆ ಬದಲಾಗಿರಬಹುದೆಂದು ಸಂಶಯಿಸುವವರನ್ನು ನಾವು ದೂಷಿಸಲಾರೆವು. ಸಂಶಯವನ್ನು ಅಡಗಿಸಿಟ್ಟು ಭಕ್ತಿಯನ್ನು ಕಾಪಾಡಿಕೊಳ್ಳಬೇಕಾದ ದುರ್ಗತಿ ಶರಣಧರ್ಮಕ್ಕೆ ಬಂದಿಲ್ಲ. ಪ್ರಶ್ನೆ ಕೇಳುವುದನ್ನೇ ಸಾಧನೆಯನ್ನಾಗಿ ಮಾಡಿದ ಅಲ್ಲಮಪ್ರಭುಗಳ ಮನೆತನ ನಮ್ಮದು.

ರಾಟೆಯೋ ಕೈಗದಿರೋ, ಕಾದಂಬರಿಗೆ ಅದರಿಂದ ಏನಾಗಬೇಕಾಗಿದೆಯೆಂದು ಕೆಲವರು ಕೇಳಬಹುದು. ಆಗುವುದು ಬಹಳವಿದೆ. ಕೈಗದಿರು ಹಿಡಿದವಳು ನಡೆಯುತ್ತ ನೂಲಬಲ್ಲಳು. ನೆರೆಮನೆಯ ಕಟ್ಟೆಗೆ ಹೋಗಿ ಮಾತನಾಡುತ್ತ ನೂಲಬಲ್ಲಳು. ರಾಟೆಯಾದರೆ ಮನೆಯಲ್ಲಿ ಒಂದೆಡೆ ಕೂರಿಸುತ್ತದೆ. ಅದರ ಸದ್ದು ಇಡೀ ಮನೆಗೆ ಕೇಳಿಸುತ್ತದೆ. ಸದ್ದು ನಿಂತರೆ ಕೆಲಸ ನಿಂತಿತೆಂದು ಮನೆಯವರಿಗೆ ತಿಳಿಯುತ್ತದೆ. ಕೈಗದಿರಿಗಿಂತ ರಾಟೆಯಲ್ಲಿ ನೂಲು ಹಲವು ಪಟ್ಟು ಬೇಗ ಬರುವುದರಿಂದ ಸಂಪಾದನೆಯೂ, ಅದರೊಡನೆ ದಾಸೋಹಕ್ಕೆ ಸಲ್ಲಿಸುವ ಪಾಲೂ ಬೇರೆಯಾಗುತ್ತದೆ. ಒಂದು ಉಪಕರಣ ಬದಲಾದರೆ ಒಬ್ಬ ಹೆಣ್ಣುಮಗಳ ದಿನಚರಿಯೇ ಬದಲಾಗುತ್ತದೆ. ಇದನ್ನು ಕಣ್ಣಾರೆ ತಿಳಿಯಲೆಂದು ಈ ತಿಂಗಳು ನಮ್ಮ ಬಂಧುಗಳಲ್ಲಿ ಒಬ್ಬ ಹಿರಿಯ ತಾಯಿಯ ಬಳಿ ಅರ್ಧ ದಿನ ಕುಳಿತು ಬಂದೆವು. ಎಡಗೈ ಹಂಜಿಯನ್ನು ಹಿಂದಕ್ಕೆ ಸೆಳೆಯುತ್ತದೆ, ಬಲಗೈ ಚಕ್ರ ತಿರುಗಿಸುತ್ತದೆ. ಕಣ್ಣು ಮಾತ್ರ ಕದಿರಿನ ಮೊನೆಯನ್ನು ಬಿಟ್ಟು ಕದಲುವುದಿಲ್ಲ. ಎಳೆ ಹರಿದಾಗ ಅವರು ಸಿಡಿಮಿಡಿಗೊಳ್ಳಲಿಲ್ಲ. ಹರಿದ ತುದಿಯನ್ನು ಹಂಜಿಗೆ ತಾಗಿಸಿ ಮುಂದುವರಿಸಿದರು. ಆ ಅರ್ಧ ದಿನ ನಮಗೆ ಹತ್ತು ಗ್ರಂಥಗಳಷ್ಟು ಕಲಿಸಿತು.

ಈಗ ಮುಖ್ಯವಾದ ಮಾತು. ದಾಖಲೆ ಮೌನವಾಗಿರುವಲ್ಲಿ ಕಾದಂಬರಿಕಾರರು ಎಷ್ಟು ದೂರ ಹೋಗಬಹುದು? ನಮ್ಮ ಮನೆಗಳಲ್ಲಿ ಶರಣರ ಕಥೆಯನ್ನು ಕಥೆಯೆಂದು ಮಾತ್ರ ಓದುವುದಿಲ್ಲ. ಸತ್ಯವೆಂದು ನಂಬಿ ಮಕ್ಕಳಿಗೆ ಹೇಳುತ್ತಾರೆ. ಈಗಂತೂ ಯಾರೋ ಕಟ್ಟಿದ ಸಾಲುಗಳು ಬಸವಣ್ಣನವರ ಹೆಸರಿನಲ್ಲಿ ಮೊಬೈಲಿನಿಂದ ಮೊಬೈಲಿಗೆ ಹಾರಾಡುತ್ತಿವೆ. ಒಮ್ಮೆ ಹಾಗೆ ಬೆರೆತದ್ದನ್ನು ಮುಂದಿನ ತಲೆಮಾರು ಬೇರ್ಪಡಿಸುವುದು ಎಷ್ಟು ಕಠಿಣವೆಂಬುದನ್ನು ವಚನ ಸಂಪಾದಕರನ್ನು ಕೇಳಿ ತಿಳಿಯಬೇಕು. ಆದಕಾರಣ ನಾವು ಒಂದು ಕಟ್ಟಳೆಯನ್ನು ಹಾಕಿಕೊಂಡಿದ್ದೇವೆ: ರೆಮ್ಮವ್ವೆಯ ಅಡಿಗೆಮನೆ, ಹಸಿವು, ನಗು, ನೆರೆಹೊರೆ ಇವನ್ನು ಕಲ್ಪಿಸುತ್ತೇವೆ, ಆಕೆಯ ಹೆಸರಿನಲ್ಲಿ ಐದನೆಯ ವಚನವನ್ನು ಮಾತ್ರ ಕಟ್ಟುವುದಿಲ್ಲ. ಬದುಕನ್ನು ಊಹಿಸುವುದು ಕಾದಂಬರಿಯ ಅಧಿಕಾರ. ಅಂಕಿತವನ್ನು ಬಳಸುವುದು ಆ ತಾಯಿಯ ಅಧಿಕಾರ.

ಈ ಕಟ್ಟಳೆಯೇ ನಿಂತ ಅಧ್ಯಾಯಕ್ಕೆ ದಾರಿ ತೋರಿತು. ಆಕೆಯ ವಚನ ರಾಟೆಯೆಂದು ನುಡಿಯುವುದರಿಂದ ನಮ್ಮ ಕಾದಂಬರಿಯಲ್ಲಿ ರಾಟೆಯೇ ಇರುತ್ತದೆ. ಅದರ ಕಾಲದ ಕುರಿತ ವಾದವನ್ನು ಪುಸ್ತಕದ ಕೊನೆಯಲ್ಲಿ ಮುಚ್ಚುಮರೆಯಿಲ್ಲದೆ ತಿಳಿಸುತ್ತೇವೆ. 1167ರ ಸುಮಾರಿನಲ್ಲಿ ಕಲ್ಯಾಣ ಕದಡಿ ಶರಣರು ದಿಕ್ಕು ದಿಕ್ಕಿಗೆ ಚದುರಿದ ಸಂದರ್ಭದ ಹದಿಮೂರನೆಯ ಅಧ್ಯಾಯದಲ್ಲಿ, ಆಕೆ ಊರು ಬಿಡುವ ರಾತ್ರಿ ಬರುತ್ತದೆ. ಉಳವಿಯ ಕಡೆಗೆ ಹೊರಟ ಗುಂಪಿನೊಡನೆ ಆಕೆ ಹೋದಳೆಂಬುದು ನಮ್ಮ ಕಲ್ಪನೆ. ರಾಟೆಯನ್ನು ಹೊತ್ತು ಕಾಡುದಾರಿಯಲ್ಲಿ ನಡೆಯುವುದಾಗದು. ಆಕೆ ಅದರಿಂದ ಕದಿರನ್ನು ಮಾತ್ರ ಕಳಚಿ ಮಡಿಲಿಗೆ ಹಾಕಿಕೊಂಡು, ಉಳಿದುದನ್ನು ನೆರೆಮನೆಯ ಹುಡುಗಿಗೆ ಒಪ್ಪಿಸಿ ನಡೆಯುತ್ತಾಳೆ. ಆಕೆಯ ಹೆಸರಿನಲ್ಲಿರುವುದೂ ಕದಿರೇ, ಆಕೆ ಅರಿವೆಂದು ಕರೆದುದೂ ಕದಿರನ್ನೇ. ಇಷ್ಟು ಹೊಳೆದ ಮೇಲೆ ಲೇಖನಿ ಮತ್ತೆ ನಿಲ್ಲಲಿಲ್ಲ.

ಇಸಾಮಿಯ ಕುರಿತು ಇನ್ನೊಂದು ಮಾತು. ದೆಹಲಿಯ ಗದ್ದುಗೆಯೇರಿದ್ದ ರಜಿಯಾ ಸುಲ್ತಾನಳನ್ನು ಟೀಕಿಸುತ್ತ, ಹೆಣ್ಣಿಗೆ ರಾಟೆಯ ಮುಂದಿನ ಸ್ಥಾನವೇ ಲೇಸೆಂಬ ಅಭಿಪ್ರಾಯದಲ್ಲಿ ಆತ ರಾಟೆಯ ಹೆಸರೆತ್ತುತ್ತಾನೆ. ಹೆಣ್ಣನ್ನು ಕೂರಿಸಿಡುವ ಸಾಧನವೆಂದು ಆತ ಕಂಡುದರಲ್ಲಿ ರೆಮ್ಮವ್ವೆ ತ್ರಿಮೂರ್ತಿಗಳನ್ನು ಕಂಡಳು. ಸಾಧನ ಒಂದೇ, ಅದರ ಮುಂದೆ ಕುಳಿತವರ ಮಾತಿಗೂ ದೂರದಿಂದ ನೋಡಿದವರ ಮಾತಿಗೂ ಇರುವ ಅಂತರವನ್ನು ನಮ್ಮ ಹೆಣ್ಣುಮಕ್ಕಳು ಗಮನಿಸಬೇಕು.

ಇನ್ನು ಈ ತಿಂಗಳ ಓದು. ಮೊದಲನೆಯದಾಗಿ, ಕರ್ನಾಟಕ ಸರ್ಕಾರ 1993ರಲ್ಲಿ ಹೊರತಂದ ಸಮಗ್ರ ವಚನ ಸಂಪುಟಗಳ ಮಾಲೆಯಲ್ಲಿ ಡಾ. ವೀರಣ್ಣ ರಾಜೂರರು ಸಂಪಾದಿಸಿದ ಶಿವಶರಣೆಯರ ವಚನಸಂಪುಟ. ಡಾ. ಎಂ. ಎಂ. ಕಲಬುರ್ಗಿಯವರು ಪ್ರಧಾನ ಸಂಪಾದಕರಾಗಿದ್ದ ಹದಿನೈದು ಸಂಪುಟಗಳ ಈ ಮಾಲೆಯನ್ನು ಪೂರ್ಣವಾಗಿ ಕೊಳ್ಳಲಾಗದವರು ಇದೊಂದನ್ನಾದರೂ ಮನೆಗೆ ತರಬೇಕು. ರೆಮ್ಮವ್ವೆ, ಆಯ್ದಕ್ಕಿ ಲಕ್ಕಮ್ಮ, ಸತ್ಯಕ್ಕ, ಮೋಳಿಗೆ ಮಹಾದೇವಿ ಮೊದಲಾದವರು ಇಲ್ಲಿ ತಮ್ಮ ಮಾತಿನಲ್ಲಿಯೇ ಸಿಗುತ್ತಾರೆ. ದಿನಕ್ಕೊಂದು ವಚನವನ್ನು ಇಷ್ಟಲಿಂಗ ಪೂಜೆಯ ತರುವಾಯ ಗಟ್ಟಿಯಾಗಿ ಓದಿದರೆ ಸಾಕು. ಮಕ್ಕಳು ತಾವಾಗಿಯೇ ಅರ್ಥ ಕೇಳುತ್ತಾರೆ.

ಎರಡನೆಯದು, ಬಿ. ಪುಟ್ಟಸ್ವಾಮಯ್ಯನವರ ಕ್ರಾಂತಿಕಲ್ಯಾಣ. ಕಲ್ಯಾಣದ ಇತಿಹಾಸವನ್ನು ಕುರಿತ ಆರು ಕಾದಂಬರಿಗಳ ಮಾಲೆಯಲ್ಲಿ ಇದು ಕೊನೆಯದು. 1964ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಇದಕ್ಕೆ ಸಂದಿದೆ. ಚಾಲುಕ್ಯರ ಸಿಂಹಾಸನ ಕಳಚುರಿ ಬಿಜ್ಜಳನ ವಶವಾದ ಕಾಲದ ರಾಜಕಾರಣವನ್ನು ತಿಳಿಯಬಯಸುವವರು ಇದನ್ನು ಓದಬೇಕು. ಮೂರನೆಯದು, ಡಾ. ಎಚ್. ತಿಪ್ಪೇರುದ್ರಸ್ವಾಮಿಯವರ ಕದಳಿಯ ಕರ್ಪೂರ. ಅಕ್ಕಮಹಾದೇವಿಯವರ ಜೀವನವನ್ನು ಆಧರಿಸಿದ ಈ ಕಾದಂಬರಿಯನ್ನು ಕಾಲೇಜಿಗೆ ಹೋಗುವ ಮಕ್ಕಳ ಕೈಯಲ್ಲಿ ನಿಸ್ಸಂಕೋಚವಾಗಿ ಇಡಬಹುದು. ವಿದ್ವಾಂಸರ ಎಚ್ಚರವೂ ಕಥೆಗಾರರ ಮಮತೆಯೂ ಒಂದೇ ಲೇಖನಿಯಲ್ಲಿ ಹೇಗೆ ಕೂಡಬಲ್ಲವೆಂಬುದಕ್ಕೆ ಇದು ನಮಗೆ ಮಾದರಿ.

ಇವನ್ನು ಓದುವಾಗ ಫ. ಗು. ಹಳಕಟ್ಟಿಯವರನ್ನು ನೆನೆಯದೆ ಇರಲಾಗದು. ವಿಜಾಪುರದಲ್ಲಿ ವಕೀಲರಾಗಿದ್ದ ಅವರು ಓಲೆಗರಿಗಳನ್ನು ಹುಡುಕಿ ಅಲೆದು, 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, ಮರುವರ್ಷ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಅಚ್ಚಿನ ಖರ್ಚಿಗಾಗಿ ಸ್ವಂತ ಮನೆಯನ್ನೂ ಮಾರಿದ ಜೀವ ಅದು. ಹರಿದ ಎಳೆಯನ್ನು ಹಂಜಿಗೆ ತಾಗಿಸಿ ಮುಂದುವರಿಸಿದವರಲ್ಲಿ ಅವರು ಅಗ್ರಗಣ್ಯರು.

ಮುಂದಿನ ತಿಂಗಳು ಹದಿನಾಲ್ಕನೆಯ ಅಧ್ಯಾಯವನ್ನು ಕೈಗೆತ್ತಿಕೊಳ್ಳುತ್ತೇವೆ. ಅದಕ್ಕೆ ವಾಚಕ ತಾಯಂದಿರ ನೆರವು ಬೇಕಾಗಿದೆ. ತಮ್ಮ ಮನೆಯಲ್ಲಿ ಅಜ್ಜಿಯವರೋ ಅತ್ತೆಯವರೋ ರಾಟೆ ತಿರುಗಿಸಿದ್ದ ನೆನಪಿದ್ದರೆ, ಅದರ ಒಂದೊಂದು ಭಾಗಕ್ಕೆ ತಮ್ಮ ಕಡೆ ಯಾವ ಹೆಸರಿತ್ತು, ನೂಲುವಾಗ ಏನನ್ನು ಹಾಡುತ್ತಿದ್ದರು, ನೂಲನ್ನು ಯಾರಿಗೆ ಕೊಡುತ್ತಿದ್ದರು ಎಂಬುದನ್ನು ನಾಲ್ಕು ಸಾಲುಗಳಲ್ಲಿ ಪತ್ರಿಕೆಯ ವಿಳಾಸಕ್ಕೆ ಬರೆದು ಕಳುಹಿಸಬೇಕೆಂದು ಪ್ರಾರ್ಥಿಸುತ್ತೇವೆ. ಆ ಹಿರಿಯರು ಇನ್ನೂ ನಮ್ಮೊಡನಿದ್ದರೆ ಇಂದು ಸಂಜೆಯೇ ಅವರ ಬಳಿ ಕುಳಿತು ಕೇಳುವುದು ಒಳಿತು.